ಲಿಫ್ಟಣ್ಣನ ಸ್ವಾವಲಂಬಿ ಅಂಜೂರ

ಮರೆತುಹೋಯಿತು ಎಂದು ಒಪ್ಪಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹೆಂಡತಿ ನಾಲ್ಕು ಮಾತು ಬೈಯುತ್ತಿದ್ದಳು, ಲಿಫ್ಟಣ್ಣ ತಲೆ ಕೆರೆದುಕೊಳ್ಳುತ್ತಿದ್ದ, ಆಮೇಲೆ ಇಬ್ಬರೂ ಊಟಕ್ಕೆ ಕೂರುತ್ತಿದ್ದರು. ಆದರೆ ಹುಟ್ಟಿದ ಮೇಲೆ ಒಂದು ಸಲವಾದರೂ ಜಾಣ ಅನ್ನಿಸಿಕೊಳ್ಳಬೇಕು ಎಂಬ ಆಸೆ ಯಾರಿಗಿರುವುದಿಲ್ಲ ಹೇಳಿ. ಲಿಫ್ಟಣ್ಣನಿಗೆ ಆ ಆಸೆ ಒಂದು ಬೇಸಗೆಯ ಕೊನೆಯಲ್ಲಿ, ಅಂಜೂರದ ಗಿಡದ ಮುಂದೆ, ಬರಬಾರದ ಹೊತ್ತಿನಲ್ಲಿ ಬಂತು.

ಲಿಫ್ಟಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹತ್ತಾರು ಸರ್ಕಾರಿ ಕಚೇರಿಗಳು ತುಂಬಿಕೊಂಡ ನಾಲ್ಕು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ನಡೆಸುವುದು ಅವನ ಉದ್ಯೋಗ. ಸ್ಟೂಲಿನ ಮೇಲೆ ಕೂತು, ಜಾಲರಿ ಬಾಗಿಲು ಎಳೆದು, ಗುಂಡಿ ಒತ್ತುವುದು. ಆ ಕಟ್ಟಡದಲ್ಲಿ ಅವನಷ್ಟು ಸಲ ಮೇಲಕ್ಕೇರಿದ ನೌಕರ ಇನ್ನೊಬ್ಬನಿಲ್ಲ. ಬಡ್ತಿ ಮಾತ್ರ ಸಿಕ್ಕಿರಲಿಲ್ಲ. ಒಳಗೆ ಬಂದವರು ಸೆಖೆ ಜಾಸ್ತಿ ಅಲ್ವಾ ಎಂದು ಕೇಳುತ್ತಿದ್ದರು, ಅವನು ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇಳಿದು ಹೋಗುತ್ತಿದ್ದರು. ಲಿಫ್ಟಣ್ಣನ ಅಭಿಪ್ರಾಯವನ್ನು ಪೂರ್ತಿ ಕೇಳಿಸಿಕೊಂಡವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

ಅಂಜೂರದ ಗಿಡವನ್ನು ಹೆಂಡತಿ ತವರಿನಿಂದ ತಂದು, ಮನೆ ಪಕ್ಕದ ಮೋಟುಗೋಡೆಯ ಬುಡದಲ್ಲಿ ನೆಟ್ಟು, ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದಳು. ಆ ಬೇಸಗೆಯಲ್ಲಿ ತಂಗಿಯ ಹೆರಿಗೆಗೆಂದು ಹೊರಟಾಗ ಗಂಡನಿಗೆ ಬಿಂದಿಗೆ ತೋರಿಸಿ, ದಿನಾ ಸಂಜೆ ತುಂಬಿಸಿ ಗಿಡಕ್ಕೆ ಹಾಕಬೇಕು, ಮರೆಯಬಾರದು ಎಂದಳು. ಲಿಫ್ಟಣ್ಣ ಮರೆಯುವುದಿಲ್ಲ ಎಂದ. ಅವಳ ಬಸ್ಸು ತಿರುವು ದಾಟುವಷ್ಟರಲ್ಲಿ ಮರೆತ.

ಬೇಸಗೆಯೋ ಕೆಟ್ಟ ಬೇಸಗೆ. ನಲ್ಲಿಯಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಮುಖ ತೋರಿಸಿ ಹೋಗುತ್ತಿತ್ತು. ಬೀದಿಯ ಗಿಡಗಳೆಲ್ಲ ಪೊರಕೆ ಕಡ್ಡಿಯಾದವು. ಹೆಂಡತಿ ವಾಪಸು ಬಂದು ನೋಡಿದರೆ ಅವಳ ಅಂಜೂರ ಗೋಡೆ ಮೀರಿ ಬೆಳೆದಿದೆ, ಒಂದೊಂದು ಎಲೆಯೂ ಊಟದ ತಟ್ಟೆಯಷ್ಟಿದೆ. ಗಂಡನ ಬಗ್ಗೆ ತಾನು ಇಷ್ಟು ವರ್ಷ ತಪ್ಪು ತಿಳಿದಿದ್ದೆನೇನೋ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿದ್ದೂ ಉಂಟು. ಅಷ್ಟರಲ್ಲಿ ಬಿಂದಿಗೆ ಕೈಗೆತ್ತಿಕೊಂಡಳು. ಅದರ ಬಾಯಿಗೆ ಬಲೆ ಕಟ್ಟಿತ್ತು; ಜೇಡ ಸಂಸಾರ ಸಮೇತ ಒಳಗಿತ್ತು.

"ನೀವು ನೀರು ಹಾಕೇ ಇಲ್ಲ ಅಲ್ವಾ?"

"ಹಾಕಿಲ್ಲ," ಎಂದ ಲಿಫ್ಟಣ್ಣ. ಅವಳ ಹುಬ್ಬು ಮೇಲೇರುವುದು ಕಂಡು, "ಬೇಕಂತಲೇ ಹಾಕಿಲ್ಲ. ಅದೊಂದು ಪದ್ಧತಿ," ಎಂದು ಸೇರಿಸಿದ.

"ನೀರು ಬಿಟ್ಟು ಮತ್ತೇನು ಹಾಕಿದ್ರಿ?"

ಅವಳು ಬೈಯಲು ಸಿದ್ಧವಾಗುತ್ತಿದ್ದಳು. ಬಹುಶಃ ಅದಕ್ಕೇ ಆ ಮಾತು ಅವನ ನಾಲಿಗೆಗೆ ಬಂತು. "ಬೈತಿದ್ದೆ. ದಿನಾ ಸಂಜೆ ಎದುರಿಗೆ ನಿಂತು ಬೈತಿದ್ದೆ. ನೀರು ಹಾಕಿದಷ್ಟೂ ಗಿಡ ಸೋಮಾರಿ ಆಗುತ್ತೆ. ಬೈದ್ರೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತೆ."

ಹೆಂಡತಿ ಗಿಡವನ್ನು ನೋಡಿದಳು, ಗಂಡನನ್ನು ನೋಡಿದಳು. ಬೈದರೆ ಬೆಳೆಯುವುದಾಗಿದ್ದರೆ ನೀವು ಇಷ್ಟು ಹೊತ್ತಿಗೆ ಮುಗಿಲು ಮುಟ್ಟಬೇಕಿತ್ತು ಎಂದು ಹೇಳಿ ಒಳಗೆ ಹೋದಳು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮನೆಯಲ್ಲಿ ಬೆಲೆ ಸಿಗದ ಮಾತು ಲಿಫ್ಟಿನಲ್ಲಿ ಬಿಸಿಬಿಸಿಯಾಗಿ ಖರ್ಚಾಯಿತು. ಕೆಳಗಿನಿಂದ ನಾಲ್ಕನೇ ಮಹಡಿ ಮುಟ್ಟುವಷ್ಟರಲ್ಲಿ ಕಥೆ ಮುಗಿಯಬೇಕಾದ್ದರಿಂದ ಅದರ ಅನಗತ್ಯ ಭಾಗಗಳು ಉದುರತೊಡಗಿದವು. ಮೊದಲು ಉದುರಿದ್ದು ಹೆಂಡತಿ ಹಾಕಿದ್ದ ಎರಡು ವರ್ಷದ ನೀರು. ಆಮೇಲೆ ಹೆಂಡತಿಯೇ ಉದುರಿದಳು. ವಾರ ಕಳೆಯುವುದರೊಳಗೆ ಅಂಜೂರವು ಹುಟ್ಟಿದಾರಭ್ಯ ನೀರಿನ ಮುಖ ಕಾಣದ ಗಿಡವಾಗಿತ್ತು. ಲಿಫ್ಟಣ್ಣ ಅದನ್ನು ಪಳಗಿಸಲು ವರ್ಷಗಟ್ಟಲೆ ಪಾಡು ಪಟ್ಟಿದ್ದ. ಕೇಳುತ್ತಿದ್ದವರು ತಮ್ಮ ಮಹಡಿ ಬಂದರೂ ಇಳಿಯದೆ ಇನ್ನೊಂದು ಸುತ್ತು ಮೇಲೆ ಕೆಳಗೆ ಹೋಗುತ್ತಿದ್ದರು. ಲಿಫ್ಟಣ್ಣನ ಬಾಳಿನಲ್ಲಿ ಇದು ಹೊಸ ಅನುಭವ. ಅದರ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ.

ಸುದ್ದಿ ಬೀದಿಗೂ ಬಂತು. ಅಲ್ಲಿ ನೀರಿಗೆ ಬರವಿತ್ತೇ ಹೊರತು ಬೈಗುಳಕ್ಕೆ ಇರಲಿಲ್ಲ. ಸಂಜೆಯಾದರೆ ಮನೆಮನೆಯ ಮುಂದೆ ಒಬ್ಬೊಬ್ಬರು ಕುಂಡದ ಎದುರು ಸೊಂಟಕ್ಕೆ ಕೈಕೊಟ್ಟು ನಿಂತರು. ಆದರೆ ಬೈಯುವುದು ಅಂದುಕೊಂಡಷ್ಟು ಸಲೀಸಲ್ಲ. ಯಾರ ತಂಟೆಗೂ ಹೋಗದ ಟೊಮೇಟೊ ಗಿಡವನ್ನು ಏನೆಂದು ಬೈಯುವುದು? ಹಾಗಾಗಿ ಜನ ತಮ್ಮ ಬಾಯಲ್ಲಿ ಮೊದಲೇ ತಯಾರಿದ್ದದ್ದನ್ನು ಬಳಸಿಕೊಂಡರು. ನಿವೃತ್ತ ಡ್ರಿಲ್ ಮಾಸ್ತರರು ನೆಟ್ಟಗೆ ನಿಲ್ಲು ಎಂದು ಆಜ್ಞೆ ಮಾಡಿದರು. ಗಿಡ ನಿಧಾನವಾಗಿ ಮಲಗಿಕೊಂಡಿತು.

ಮೂಲೆ ಮನೆಯ ಟೈಲರ್‌ಗೆ ಒಬ್ಬ ಭಾವಮೈದುನನಿದ್ದ. ಅಕ್ಕನನ್ನು ನೋಡಿಕೊಂಡು ಹೋಗುತ್ತೇನೆ ಎಂದು ಚಳಿಗಾಲದಲ್ಲಿ ಬಂದವನು ಬೇಸಗೆಯಾದರೂ ಇನ್ನೂ ನೋಡುತ್ತಲೇ ಇದ್ದ. ಟೈಲರ್ ಬಡಪಾಯಿ, ಹೆಂಡತಿಗೆ ಹೆದರಿ ಒಂದು ಮಾತೂ ಆಡಿದವನಲ್ಲ. ಅಂಥವನು ಗುಲಾಬಿ ಕುಂಡವನ್ನು ಭಾವಮೈದುನ ಮಲಗುವ ಕೋಣೆಯ ಕಿಟಕಿಯ ಕೆಳಗೇ ಇಟ್ಟಿದ್ದು ದೈವೇಚ್ಛೆ. ಅವನು ಗುಲಾಬಿಗೆ ಬೆರಳು ತೋರಿಸಿ, "ಎಷ್ಟು ದಿನ ಅಂತ ಬೇರೆಯವರ ನೀರು ಕುಡ್ಕೊಂಡು ಬಿದ್ದಿರ್ತೀಯ? ನಾಚಿಕೆ ಆಗಲ್ವಾ? ನಿನ್ನ ಕಾಲ ಮೇಲೆ ನೀನು ನಿಲ್ಲೋದು ಯಾವಾಗ?" ಎಂದು ಕೇಳಿದ. ಇದೇ ಮಾತನ್ನು ಮರುದಿನ ಇನ್ನೂ ಸ್ಪಷ್ಟವಾಗಿ, ಕಿಟಕಿಯ ಕಡೆ ಮುಖ ಮಾಡಿ ಕೇಳಿದ.

ಭಾವಮೈದುನ ಪೆಟ್ಟಿಗೆ ಕಟ್ಟಿಕೊಂಡು ಹೋದ. ಟೈಲರನ ಹೆಂಡತಿ ಮಾತು ಬಿಟ್ಟಳು. ಗುಲಾಬಿ ಸತ್ತಿತು. ಟೈಲರ್ ಮಾತ್ರ ಹೊಸ ಅಂಗಿಯೊಂದನ್ನು ಹೊಲಿದು ತಂದು ಲಿಫ್ಟಣ್ಣನಿಗೆ ತೊಡಿಸಿ, ಪದ್ಧತಿ ನೂರಕ್ಕೆ ನೂರು ಕೆಲಸ ಮಾಡುತ್ತದೆ ಎಂದು ಬೀದಿಯ ಎದುರು ಸಾಕ್ಷಿ ನುಡಿದ. ತಮ್ಮ ಗಿಡವೂ ಸತ್ತಿತೆಂದು ದೂರಲು ಬಂದವರಿಗೆ ಲಿಫ್ಟಣ್ಣ, ನೀವು ಮನಸಾರೆ ಬೈದಿಲ್ಲ ಎಂದು ಹೇಳಿ ಕಳಿಸಿದ.

ಈಗ ಲಿಫ್ಟಣ್ಣನ ಅಕ್ಕನ ವಿಷಯಕ್ಕೆ ಬರಬೇಕು.

ಮೋಟುಗೋಡೆಯ ಆಚೆ ಬದಿಯ ಮನೆ ಲಿಫ್ಟಣ್ಣನ ಅಕ್ಕನದು. ತಾಯಿ ತೀರಿಕೊಂಡಾಗ ಲಿಫ್ಟಣ್ಣನಿಗೆ ಇನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ. ಅಕ್ಕನಿಗೆ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವಳು ಅಂದಿನಿಂದ ಊರ ಬಟ್ಟೆ ಒಗೆದು ತಮ್ಮನನ್ನು ಸಾಕಿದಳು. ಶಾಲೆಗೆ ಹಾಕಿದಳು, ಅವನು ಫೇಲಾದಾಗ ಮತ್ತೆ ಹಾಕಿದಳು. ಲಿಫ್ಟಿನ ಕೆಲಸವೂ ಅವಳು ಬಟ್ಟೆ ಒಗೆಯುತ್ತಿದ್ದ ಮನೆಯೊಂದರಿಂದ ಬಂದದ್ದು. ಈಗ ಗಂಡ ತೀರಿಹೋಗಿ ಒಬ್ಬಳೇ ಇದ್ದಳು, ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ, ಒಗೆಯುವ ಕಲ್ಲು, ಉದ್ದುದ್ದ ತಂತಿಗಳ ಮೇಲೆ ಬಿಳಿ ಚಾದರಗಳು.

ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದು ಕಡೆ ಇಟ್ಟಿಗೆ ಬಿದ್ದು ಸಂದಿಯಾಗಿತ್ತು. ಮುಚ್ಚಿಸೋಣ ಎಂದು ಯಾರೂ ಅನ್ನಲಿಲ್ಲ. ಲಿಫ್ಟಣ್ಣ ದಿನಾ ಬೆಳಿಗ್ಗೆ ಅದರಲ್ಲೇ ನುಸುಳಿ ಹೋಗಿ ಅಕ್ಕನ ಮನೆಯಲ್ಲಿ ಟೀ ಕುಡಿಯುತ್ತಿದ್ದ. ಬಂದ ಮೇಲೆ ಹೆಂಡತಿ ಮಾಡಿದ ಟೀಯನ್ನೂ ಕುಡಿಯುತ್ತಿದ್ದ. ಅದು ಬೇರೆ ಲೆಕ್ಕ.

ಅಕ್ಕನ ನಲ್ಲಿಯ ನೀರು ಮಾತ್ರ ಆ ಬೇಸಗೆಯಿಂದ ಸಣ್ಣಗಾಗುತ್ತ ಬಂತು. ಬೀದಿಗೆಲ್ಲ ಇದ್ದ ತೊಂದರೆಯೇ ಇರಬೇಕು ಎಂದುಕೊಂಡಳು. ಆದರೆ ಮಳೆ ಬಿದ್ದು ಉಳಿದವರ ನಲ್ಲಿ ಸರಿಯಾದರೂ ಅವಳದು ಸರಿಯಾಗಲಿಲ್ಲ. ಹೆಬ್ಬೆರಳಿನಷ್ಟಿದ್ದ ಧಾರೆ ಕಿರುಬೆರಳಾಯಿತು, ಆಮೇಲೆ ದಾರವಾಯಿತು. ನಲ್ಲಿ ರಿಪೇರಿಯವನು ಬಂದು ವಾಷರ್ ಬದಲಿಸಿದ, ನಲ್ಲಿ ಬದಲಿಸಿದ, ಕೊನೆಗೆ ನಿಮ್ಮ ಅದೃಷ್ಟ ಬದಲಾಗಬೇಕು ಎಂದು ಹೇಳಿ ಹೋದ. ತೊಟ್ಟಿ ತುಂಬುವಷ್ಟರಲ್ಲಿ ನೀರಿನ ಹೊತ್ತು ಮುಗಿಯುತ್ತಿತ್ತು. ಚಾದರಗಳು ರಾಶಿ ಬಿದ್ದವು. ಹೊತ್ತಿಗೆ ಸರಿಯಾಗಿ ಬಟ್ಟೆ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು.

ಅಕ್ಕ ನೀರಿನ ಕಚೇರಿಗೆ ದೂರು ಕೊಡಲು ಹೋದಳು. ಕಚೇರಿ ಮೂರನೇ ಮಹಡಿಯಲ್ಲಿ. ಅವಳನ್ನು ಮೇಲಕ್ಕೆ ಒಯ್ದವನು ತಮ್ಮನೇ. ಅಲ್ಲಿನ ಎಂಜಿನಿಯರ್ ಸಾಹೇಬರು ಒಂದು ವಿಚಿತ್ರವನ್ನು ಆಗಲೇ ಗಮನಿಸಿದ್ದರು. ನೀರಿಲ್ಲ ಎಂದು ಕೆಂಡವಾಗಿ ಲಿಫ್ಟ್ ಹತ್ತಿದವರು ಮೂರನೇ ಮಹಡಿಯಲ್ಲಿ ಇಳಿಯುವಾಗ ತಣ್ಣಗಿರುತ್ತಿದ್ದರು, ಕೆಲವರು ಇಳಿಯದೆ ಹಾಗೇ ಮನೆಗೆ ಹೋಗಿಬಿಡುತ್ತಿದ್ದರು. ವಿಚಾರಿಸಿದಾಗ ಅಂಜೂರದ ಕಥೆ ಹೊರಬಂತು. ಜನರಿಗೆ ನೀರು ಕೊಡುವುದಕ್ಕಿಂತ ನೀರು ಬೇಡ ಅನ್ನಿಸುವುದು ಎಷ್ಟು ಸುಲಭ ಎಂದು ಸಾಹೇಬರಿಗೆ ಹೊಳೆದು ಮೈ ಜುಮ್ಮೆಂದಿತ್ತು. ಅವರು ಅಕ್ಕನಿಗೆ, ನಿಮ್ಮ ತಮ್ಮನನ್ನು ನೋಡಿ ಕಲಿಯಿರಿ, ಅವರ ಗಿಡ ನೀರಿಲ್ಲದೆ ಬೆಳೆದಿಲ್ಲವೇ ಎಂದರು.

"ಬೈದ್ರೆ ಚಾದರದ ಕೊಳೆ ಹೋಗಲ್ಲ ಸಾಹೇಬ್ರೆ," ಎಂದಳು ಅಕ್ಕ. "ನಂಗೆ ನೀರೇ ಬೇಕು."

ಸಾಹೇಬರು ವಿಷಾದದಿಂದ ತಲೆಯಾಡಿಸಿದರು. ಹೊಸ ವಿಚಾರಗಳಿಗೆ ಮನೆಯವರಿಂದಲೇ ವಿರೋಧ ಬರುತ್ತದೆ ಎಂದು ಲಿಫ್ಟಣ್ಣನಿಗೆ ಸಮಾಧಾನ ಹೇಳಿದರು.

ತೀರ್ಮಾನವಾಯಿತು. ಅಂಜೂರದ ಪಕ್ಕದಲ್ಲಿ ಇಲಾಖೆಯ ವತಿಯಿಂದ 'ಸ್ವಾವಲಂಬಿ ಗಿಡ' ಎಂದು ದೊಡ್ಡ ಬೋರ್ಡು ನೆಡುವುದು, ಅದಕ್ಕೊಂದು ಸಮಾರಂಭ, ಅದರಲ್ಲಿ ಲಿಫ್ಟಣ್ಣನ ಭಾಷಣ. ಲಿಫ್ಟಣ್ಣ ಭಾಷಣವನ್ನು ಲಿಫ್ಟಿನಲ್ಲೇ ಬಾಯಿಪಾಠ ಮಾಡಿದ. ಮೇಲೆ ಹೋಗುವಾಗ ಮೊದಲ ಅರ್ಧ, ಕೆಳಗೆ ಬರುವಾಗ ಉಳಿದರ್ಧ. ಶುರುವಿನ ವಾಕ್ಯ ಅವನಿಗೆ ಬಹಳ ಮೆಚ್ಚಿಗೆಯಾಗಿತ್ತು. "ಈ ಗಿಡ ನನ್ನ ಹಾಗೇನೇ. ನಾನೂ ಯಾರ ಹಂಗೂ ಇಲ್ಲದೆ, ಯಾರ ಕೈಯಿಂದಲೂ ಒಂದು ಲೋಟ ನೀರು ಕೇಳದೆ, ನನ್ನಷ್ಟಕ್ಕೆ ನಾನೇ ಬೆಳೆದವನು."

ಈ ವಾಕ್ಯವನ್ನು ಅವನು ಅಕ್ಕನ ಅಡುಗೆಮನೆಯ ಮಣೆಯ ಮೇಲೆ ಕೂತು, ಅಕ್ಕ ಮಾಡಿದ ಟೀಯನ್ನು ಸಾಸರಿಗೆ ಹುಯ್ದುಕೊಳ್ಳುತ್ತ, ಅವಳಿಗೇ ಒಪ್ಪಿಸಿ ಹೇಗಿದೆ ಎಂದು ಕೇಳಿದ. ಅಕ್ಕ ಒಲೆಯ ಕಡೆ ತಿರುಗಿದ್ದಳು.

"ಆರುತ್ತೆ, ಕುಡಿ," ಎಂದಳು.

ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ, ತಿಂಗಳು ಮುಗಿದ ಮೇಲೆ ಮನೆಗೆ ಬೀಗ ಹಾಕುತ್ತೇನೆ ಎಂದಳು. ಆಸ್ಪತ್ರೆಯ ಕೆಲಸ ಕೈಬಿಟ್ಟ ಹಾಗೇ. ದೂರದ ಊರಲ್ಲಿ ನಾದಿನಿ ಇದ್ದಾಳೆ, ಅಲ್ಲಿ ಯಾರದೋ ಲಾಂಡ್ರಿಯಲ್ಲಿ ಜನ ಬೇಕಂತೆ.

 ಲಿಫ್ಟಣ್ಣನ ಸಾಸರಿನ ಟೀ ಹೊಸ ಅಂಗಿಯ ಮೇಲೆ ಚೆಲ್ಲಿತು. ಅಕ್ಕ ಇಲ್ಲದ ಗೋಡೆಯಾಚೆ ಎಂಬುದನ್ನು ಅವನು ಜನ್ಮದಲ್ಲಿ ಯೋಚಿಸಿದವನಲ್ಲ. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ, ಇರು ಎನ್ನಲು ನೀರಿರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, ಸಮಾರಂಭ ಮುಗಿಸಿಕೊಂಡೇ ಹೋಗು ಎಂದ. ಅಕ್ಕ ಒದ್ದೆ ಬಟ್ಟೆ ತಂದು ಅಂಗಿಯ ಕಲೆ ಒರೆಸಿದಳು. ಆ ದಿನ ಲಿಫ್ಟಣ್ಣ ಎರಡನೇ ಮಹಡಿಯವರನ್ನು ನಾಲ್ಕರಲ್ಲೂ ನಾಲ್ಕರವರನ್ನು ಕೆಳಗೂ ಇಳಿಸಿದ.

ಸಮಾರಂಭದ ದಿನ ಬೆಳಿಗ್ಗೆ, ನಲ್ಲಿಗೆ ನೀರು ಬರುವ ಹೊತ್ತಿಗೇ ಬೀದಿಯೆಲ್ಲ ಸೇರಿತು. ಕುರ್ಚಿ ಸಾಲದೆ ಅಕ್ಕನ ಮನೆಯಿಂದಲೂ ತಂದರು. ಅಂಜೂರಕ್ಕೆ ರಿಬ್ಬನ್ ಕಟ್ಟಿದ್ದರು. ಮೈತುಂಬ ಕಾಯಿ ಹೊತ್ತು ಅದು ಮದುಮಗನಂತೆ ನಿಂತಿತ್ತು. ಅಕ್ಕ ಗೋಡೆಯ ಸಂದಿಯಲ್ಲಿ, ತನ್ನ ಕಡೆಯಲ್ಲೇ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಳು. ನಲ್ಲಿ ರಿಪೇರಿಯವನಿಗೆ ಆ ದಿನ ಬೋರ್ಡಿಗೆ ಗುಂಡಿ ತೋಡುವ ಕೆಲಸ ಸಿಕ್ಕಿತ್ತು. ಹಾರೆ ಹಾಕಿದವನು ತೋಳಿನಷ್ಟು ದಪ್ಪದ ಬೇರು ಅಡ್ಡ ಬಂದಿದೆ, ಕಡಿಯಲೇ ಎಂದು ಕೇಳಿದ.

ಎಂಜಿನಿಯರ್ ಸಾಹೇಬರು ಕಡಿಯಬೇಡ ಎಂದು ಕೈಯೆತ್ತಿದರು. ನೀರಿಲ್ಲದೆ ಬದುಕುವ ಬೇರು ಹೇಗಿರುತ್ತದೆ ಎಂದು ಜನರೂ ಕಣ್ಣಾರೆ ನೋಡಲಿ, ಅದು ಹೋದಷ್ಟು ದೂರ ಮಣ್ಣು ಬಿಡಿಸಿ ತೋರಿಸು ಎಂದರು. ಕುರ್ಚಿಗಳು ಹತ್ತಿರ ಬಂದವು.

ಬೇರು ಲಿಫ್ಟಣ್ಣನ ಮನೆಯ ಕಡೆ ಹೋಗಲಿಲ್ಲ. ಬೀದಿಯ ಕಡೆಗೂ ಹೋಗಲಿಲ್ಲ. ಮಣ್ಣು ಬಿಡಿಸುತ್ತ ಹೋದಂತೆ ಅದು ನೆಟ್ಟಗೆ ಗೋಡೆಗೆ ಹೋಯಿತು, ಸಂದಿಯ ಕೆಳಗೇ ನುಸುಳಿತು, ಅಕ್ಕ ನಿಂತಿದ್ದ ಜಾಗಕ್ಕೆ ಬಂತು. ಸ್ವಲ್ಪ ಆಚೆ ಸರಿಯಿರಮ್ಮ ಎಂದ ರಿಪೇರಿಯವನು. ಅಕ್ಕ ಸರಿದಳು. ಕುರ್ಚಿಗಳು ಗೋಡೆ ದಾಟಿ ಅವಳ ಹಿತ್ತಲಿಗೆ ಬಂದವು.  ಇಷ್ಟು ಸಾಕಲ್ಲವೇ, ಭಾಷಣ ಶುರು ಮಾಡಲೇ ಎಂದು ಲಿಫ್ಟಣ್ಣ ಕೇಳಿದ. ಯಾರೂ ಅವನ ಕಡೆ ನೋಡಲಿಲ್ಲ. ಅವನು ಮತ್ತೆ ಲಿಫ್ಟಿನೊಳಗೆ ಬಂದಂತಾಯಿತು.

ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ. ಇವರು ಅಂಗಳ ಅಗೆದು ಹಿಡಿದದ್ದು ಪೈಪನ್ನು. ಅಕ್ಕನ ತೊಟ್ಟಿಗೆ ಹೋಗುವ ಹಳೆಯ ಪೈಪು, ಅದರ ಜೋಡಣೆಯಲ್ಲಿ ಒಂದು ಸಣ್ಣ ಬಿರುಕು. ಎಂದೋ ಅಲ್ಲಿ ಒಂದೊಂದು ಹನಿ ಜಿನುಗಿರಬೇಕು. ಆ ತೇವದ ಜಾಡು ಹಿಡಿದು ಬಂದ ಬೇರು ಪೈಪನ್ನು ಅಪ್ಪಿಕೊಂಡು, ಬಿರುಕಿನಲ್ಲಿ ಮೊದಲು ಕೂದಲೆಳೆಯಾಗಿ ತೂರಿ, ಒಳಗೆ ಹೋದ ಮೇಲೆ ಸಂಸಾರ ಹೂಡಿತ್ತು. ರಿಪೇರಿಯವನು ಪೈಪು ಬಿಚ್ಚಿ ಎಳೆದ. ಜಡೆಯಂಥ ಬೇರಿನ ಕಂತೆ ಒಂದು ಮಾರು ಹೊರಬಂತು, ಇನ್ನೊಂದು ಮಾರು ಬಂತು, ಅದರ ಹಿಂದೆಯೇ ನೀರು ಭುಸ್ಸೆಂದು ನುಗ್ಗಿ ಎಂಜಿನಿಯರ್ ಸಾಹೇಬರ ಬೂಟು ತುಂಬಿತು.

ಬೀದಿಗೆ ಬೀದಿಯೇ ಬಗ್ಗಿ ಬೇರಿನ ಕಂತೆಯನ್ನು ನೋಡಿತು. ಟೈಲರ್ ಒಬ್ಬ ಅಭ್ಯಾಸಬಲದಿಂದ, "ಎಷ್ಟು ದಿನ ಅಂತ ಬೇರೆಯವರ ನೀರು ಕುಡ್ಕೊಂಡು..." ಎಂದು ಶುರು ಮಾಡಿ, ಲಿಫ್ಟಣ್ಣನ ಮುಖ ನೋಡಿ ಅರ್ಧಕ್ಕೇ ನುಂಗಿಕೊಂಡ.

ಸಾಹೇಬರು ಬೋರ್ಡನ್ನು ಜೀಪಿಗೆ ವಾಪಸು ಹಾಕಿಸಿದರು. ಬೇರೆ ಕಡೆ ಉಪಯೋಗಕ್ಕೆ ಬರುತ್ತದೆ ಎಂದರು. ಆದರೆ ಕಾರ್ಯಕ್ರಮದಲ್ಲಿ ಭಾಷಣವಿತ್ತು. ಕಾರ್ಯಕ್ರಮದಲ್ಲಿದ್ದದ್ದನ್ನು ಬಿಡುವುದು ಆ ಇಲಾಖೆಯಲ್ಲಿ ರೂಢಿಯಿಲ್ಲ. ಒದ್ದೆ ಬೂಟಿನಲ್ಲೇ ನಿಂತು, ಈಗ ಎರಡು ಮಾತು ಎಂದು ಲಿಫ್ಟಣ್ಣನ ಕಡೆ ಕೈ ತೋರಿಸಿದರು.

ಲಿಫ್ಟಣ್ಣ ಎದ್ದು ನಿಂತ. ಬಾಯಿಪಾಠವಾದದ್ದು ತಾನಾಗಿಯೇ ಬಂತು.

"ಈ ಗಿಡ ನನ್ನ ಹಾಗೇನೇ," ಎಂದ.

ಮುಂದಿನ ಮಾತು ಬರಲಿಲ್ಲ. ಅವನು ಬೇರನ್ನು ನೋಡಿದ, ಅದು ನುಸುಳಿ ಬಂದಿದ್ದ ಸಂದಿಯನ್ನು ನೋಡಿದ, ತನ್ನ ಚಪ್ಪಲಿ ಸವೆಸಿ ನುಣುಪಾಗಿಸಿದ್ದ ಅದರ ಇಟ್ಟಿಗೆಯನ್ನು ನೋಡಿದ. ಆಮೇಲೆ ಅಕ್ಕನನ್ನು ನೋಡಿದ. ಭಾಷಣ ಅಷ್ಟಕ್ಕೇ ಮುಗಿಯಿತು. ಅವನ ಮಾತನ್ನು ಜನ ಪೂರ್ತಿ ಕೇಳಿಸಿಕೊಂಡಿದ್ದರು, ಮೊದಲ ಬಾರಿಗೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಅಕ್ಕಾ, ಗಿಡ ಕಡಿಸಿಬಿಡ್ತೀನಿ," ಎಂದ ಕೊನೆಗೆ. 

ಅಕ್ಕ ತೊಟ್ಟಿಯ ಹತ್ತಿರ ನಿಂತು, ನುಗ್ಗುವ ನೀರಿಗೆ ಕೈಯೊಡ್ಡಿ ನೋಡುತ್ತಿದ್ದಳು. "ಯಾಕೋ ಕಡೀತೀಯ? ಬಾಯಾರಿತ್ತು, ಬಂತು, ಕುಡೀತು. ನಿನಗೆ ಕುಡಿಸುವಾಗ ನಾನೇನು ಲೆಕ್ಕ ಇಟ್ಟಿದ್ನಾ?" ಎಂದಳು. ಒದ್ದೆ ಕೈ ಕೊಡವಿ, "ಇಲ್ಲಿಂದ ಕುಡೀತಿದೀನಿ ಅಂತ ಒಂದು ಮಾತು ಹೇಳಬೇಕಿತ್ತು. ಅಷ್ಟೇ," ಎಂದಳು. ಅದು ಗಿಡಕ್ಕೆ ಹೇಳಿದ್ದೋ ತಮ್ಮನಿಗೆ ಹೇಳಿದ್ದೋ ಎಂದು ಯಾರೂ ಕೇಳಲಿಲ್ಲ. ಲಿಫ್ಟಣ್ಣ ಅಷ್ಟು ಜನರೆದುರು ಮಗುವಿನ ಹಾಗೆ ಅತ್ತ.

ಅಕ್ಕ ಊರು ಬಿಡಲಿಲ್ಲ. ಪೈಪು ಹೊಸದಾಯಿತು, ತಂತಿಗಳ ಮೇಲೆ ಚಾದರಗಳು ಮತ್ತೆ ಹಾರಾಡಿದವು. ಬೇರು ಕತ್ತರಿಸಿಕೊಂಡ ಅಂಜೂರ ಎಲೆಯೆಲ್ಲ ಉದುರಿಸಿ ಕೋಲಿನಂತೆ ನಿಂತಿತು. ಹೆಂಡತಿ ಬಿಂದಿಗೆ ತೊಳೆದು ಕೊಟ್ಟಳು. ಗಿಡದ ಈಚೆ ಬದಿಗೆ, ನಮ್ಮ ಮನೆಯ ಕಡೆಗೆ ನೀರು ಹಾಕಿ, ಬೇರು ನೀರು ಕಂಡ ಕಡೆ ತಿರುಗುತ್ತದೆ ಎಂದಳು. ಲಿಫ್ಟಣ್ಣ ಈಗ ಮರೆಯುವುದಿಲ್ಲ. ದಿನಾ ಸಂಜೆ ಹಾಕುತ್ತಾನೆ, ಬೈಯುವುದಿಲ್ಲ.

ಬೆಳಿಗ್ಗೆಯ ಬಿಂದಿಗೆ ಬೇರೆ. ಅಕ್ಕನ ತೊಟ್ಟಿಗೆ ಈಗ ನೀರಿನ ಕೊರತೆಯೇನೂ ಇಲ್ಲ. ಆದರೂ ಅವನು ತನ್ನ ಮನೆಯ ನಲ್ಲಿಯಲ್ಲಿ ಒಂದು ಬಿಂದಿಗೆ ತುಂಬಿಸಿ, ಹೆಗಲ ಮೇಲೆ ಹೊತ್ತು, ಗೋಡೆಯ ಸಂದಿಯಲ್ಲಿ ನುಸುಳಿ ಒಯ್ದು ತೊಟ್ಟಿಗೆ ಸುರಿಯುತ್ತಾನೆ. ಆಮೇಲೇ ಟೀ. ಬೇಡ ಕಣೋ ಎಂದು ಅಕ್ಕ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಾಳೆ. ಲಿಫ್ಟಣ್ಣನಿಗೆ ಬಿಂದಿಗೆ ಹೊತ್ತು ರೂಢಿಯಿಲ್ಲ, ಸಂದಿಯೋ ಇಕ್ಕಟ್ಟು. ಅರ್ಧ ನೀರು ಅಲ್ಲೇ ಚೆಲ್ಲುತ್ತದೆ.

ಮೊನ್ನೆ ಹೆಂಡತಿ ಅಲ್ಲಿ ಕಸ ಗುಡಿಸುತ್ತಿದ್ದಾಗ ಬಗ್ಗಿ ನೋಡಿದಳು. ಅಂಜೂರ ಚಿಗುರಿದೆ. ಸಂಜೆಯ ನೀರು ಬೀಳುವ ತಮ್ಮ ಮನೆಯ ಬದಿಯನ್ನು ಬಿಟ್ಟು, ಒಂದು ಎಳೆಯ ಬಿಳಿ ಬೇರು ಗೋಡೆಯ ಸಂದಿಯ ಒದ್ದೆ ಮಣ್ಣಿನಲ್ಲಿ ಮೆಲ್ಲಗೆ ಅಕ್ಕನ ಮನೆಯ ಕಡೆ ಹೊರಟಿದೆ. ಗೋಡೆಯಾಚೆಯಿಂದ ಗಂಡ ಸಾಸರಿನಲ್ಲಿ ಟೀ ಹೀರುವ ಸದ್ದು ಕೇಳಿಸುತ್ತಿತ್ತು. ಅವಳು ಬೇರಿನ ಮೇಲೆ ಸ್ವಲ್ಪ ಮಣ್ಣು ಎಳೆದು ಮುಚ್ಚಿ, ಪೊರಕೆ ತೆಗೆದುಕೊಂಡು ಒಳಗೆ ಹೋದಳು.